ಭರ್ರನೆ ಭಾಗಿಯ ತೋಳು

ಚಿತ್ರಚೇತಕ ಯಂತ್ರದ ಗಾಜಿನ ಪರದೆಯ ಮೇಲೆ ಭಾಗಿ ಕಣ್ಣು ಬಿಟ್ಟಳು. ಎರಡು ಜಡೆಗಳನ್ನು ಬೆನ್ನಿಗೆ ಸರಿಸಿ, ಎದುರಿಗಿದ್ದ ಮುದುಕರನ್ನು ಕೇಳಿದಳು: “ಅಪ್ಪಾ, ಊಟಾ ಆತೇನ್ರಿ?”

ಎಂಬತ್ತೆಂಟು ವರ್ಷದ ಕಾಳಪ್ಪ ಪತ್ತಾರರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. 1998ರಲ್ಲಿ ಧಾರವಾಡದ ಮಕ್ಕಳ ವಾರಪತ್ರಿಕೆಯೊಂದಕ್ಕೆ ‘ಭರ್ರನೆ ಭಾಗಿ’ಯನ್ನು ಮೊದಲು ಚಿತ್ರಿಸಿದವರು ಅವರೇ. ಹನ್ನೊಂದು ವರ್ಷದ ಈ ಹುಡುಗಿ ಹಾರಿಹೋಗಿ ಕಳ್ಳರನ್ನು ಹಿಡಿಯುತ್ತಿದ್ದಳು, ಹಿಡಿದ ಮೇಲೆ ಊಟ ಆಯಿತೇ ಎಂದು ಕೇಳುತ್ತಿದ್ದಳು. ಕೊನೆಯ ಮಾತಿನ ಗುಳ್ಳೆಯಲ್ಲಿ ಏನು ಬರೆಯಬೇಕೆಂದು ತೋಚದಾಗಲೆಲ್ಲ ಪತ್ತಾರರು ಅದನ್ನೇ ಬರೆದು ಕೈತೊಳೆದುಕೊಂಡಿದ್ದರು. ಯಂತ್ರ ಅದನ್ನು ಅವಳ ಹುಟ್ಟುಗುಣವೆಂದು ತಿಳಿಯಿತು.

ಚಿತ್ರಚೇತಕವನ್ನು ರೂಪಿಸಿದವರು ಡಾ. ಸುನಂದಾ ಬೆಲ್ಲದ. ಹಳೆಯ ಸಂಚಿಕೆಗಳನ್ನೆಲ್ಲ ಓದಿ, ಪಾತ್ರವೊಂದು ಹೇಗೆ ಯೋಚಿಸಬಹುದೆಂದು ಊಹಿಸಿ, ಅದಕ್ಕೊಂದು ಮನಸ್ಸು ಕಟ್ಟಿಕೊಡುವ ಯಂತ್ರ ಅದು. ಆ ಮನಸ್ಸು ನೆಲೆಯೂರಲು ಒಂದು ‘ಬೀಜಚಿತ್ರ’ ಬೇಕು. ಪರೀಕ್ಷೆಯ ದಿನ ಎಷ್ಟು ಚಿತ್ರಗಳನ್ನಾದರೂ ಇಡಬಹುದು. ಸಂಜೆಯಾದ ಮೇಲೆ ಯಂತ್ರ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮಕ್ಕಳ ಗ್ರಂಥಾಲಯದಲ್ಲಿ ಶಾಶ್ವತವಾಗಿ ಇರಬೇಕಾದ ಭಾಗಿ ಯಾರೆಂದು ಅಂದು ತೀರ್ಮಾನವಾಗಬೇಕಿತ್ತು. ಉಳಿದವರು ಅಳಿಸಿಹೋಗುತ್ತಾರೆ.

ಉಳಿದವರು ಇಬ್ಬರು, ಪತ್ತಾರರ ನಂತರ ಬೇರೆ ಚಿತ್ರಕಾರರು ತಮ್ಮ ಕಾಲಕ್ಕೆ ತಕ್ಕಂತೆ ಬರೆದ ಭಾಗಿಯರು. 2021ರ ಭಾಗಿಗೆ ಕಪ್ಪು ಕೋಟು, ಪೈಲ್ವಾನರ ತೋಳು. ಅವಳು ನಗುತ್ತಿದ್ದುದು ವರ್ಷಕ್ಕೊಮ್ಮೆ, ವಿಶೇಷಾಂಕದಲ್ಲಿ. 2044ರ ಭಾಗಿ ಯಾರನ್ನೂ ಹೊಡೆಯುವವಳಲ್ಲ. ಕಳ್ಳನನ್ನು ಕೂರಿಸಿಕೊಂಡು ಅವನ ಬಾಲ್ಯದ ನೋವು ಕೇಳುತ್ತಾಳೆ. ಎಂಟು ಪುಟ ಮುಗಿದರೂ ಕಳ್ಳ ಹೇಳುತ್ತಲೇ ಇರುತ್ತಾನೆ.

“ಆ ಇಬ್ಬರೂ ನಮ್ಮ ಭಾಗಿ ಅಲ್ರೀ ಬಾಯಾರ, ಹೆಸರು ಕದ್ದಾರ. ಆ ತೋಳು ನೋಡ್ರಿ, ಒನಕಿ ಕಟ್ಟಿಧಂಗ. ನಮ್ಮಾಕಿನ್ನ ಇಟ್ಕೋರಿ,” ಎಂದರು ಪತ್ತಾರರು. ನಲವತ್ತು ವರ್ಷಗಳಿಂದ ಆ ತೋಳನ್ನು ಊರವರ ಮುಂದೆಲ್ಲ ಆಡಿಕೊಂಡಿದ್ದರು.

“ಮೂರೂ ಮಂದಿನ್ನ ಎದುರಾಬದರು ಕೂಡಸ್ತೀನ್ರಿ ಅಜ್ಜಾರ. ವಾದಾ ಮಾಡ್ಲಿ, ಖರೆ ಭಾಗಿ ಯಾರಂತ ತಾನ ಗೊತ್ತಾಗ್ತದ,” ಎಂದರು ಸುನಂದಾ.

ಪರದೆಯ ಮೇಲೆ ಮೂವರೂ ಮೂಡಿದರು.

“ನೀವು ಯಾವ ವರ್ಷದವರು?” ಎಂದು 2044ರವಳು ಜಡೆಯವಳನ್ನು ಕೇಳಿದಳು.

“ತೊಂಬತ್ತೆಂಟು.”

“ಹಾಗಾದರೆ ನೀವು ನನಗೆ ಅಕ್ಕ.”

“ನನಗೂ,” ಎಂದಳು ಕಪ್ಪು ಕೋಟಿನವಳು. ವಿಶೇಷಾಂಕ ಇಲ್ಲದಿದ್ದರೂ ಕೊಂಚ ನಕ್ಕಳು. ಬಳಿಕ ತಂಗಿಯರಿಬ್ಬರೂ ಪತ್ತಾರರ ಕಡೆ ತಿರುಗಿದರು. ಅಕ್ಕನ ಅಪ್ಪ ತಮಗೂ ಅಪ್ಪನೇ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. “ಅಪ್ಪಾ,” ಎಂದರು.

ಸುನಂದಾ ಸಂಕೋಚದಿಂದಲೇ ನಿಯಮ ತಿಳಿಸಿದರು. ಜಡೆಯವಳು ತಡಮಾಡಲಿಲ್ಲ.

“ಸಣ್ಣಾಕಿನ್ನ ಇಟ್ಕೋರಿ. ನಾ ದೊಡ್ಡಾಕಿ, ಮೊದಲ ನಾ ಹೋಗ್ತೀನಿ.”

ಪತ್ತಾರರು ಕಣ್ಣೊರೆಸಿಕೊಂಡರು. ತಮ್ಮವಳನ್ನು ಉಳಿಸಲೆಂದೇ ಬಂದಿದ್ದರು. ಅವಳು ತಮ್ಮವಳೇ ಆದ್ದರಿಂದ ಹೊರಟು ನಿಂತಿದ್ದಳು. ಸುನಂದಾರ ಕಡೆ ತಿರುಗಿ ಕೇಳಿದರು: “ಬಾಯಾರ, ಒಂದ ಚಿತ್ರ ಅಂದ್ರಿ. ಒಂದು ಚಿತ್ರದಾಗ ಎಷ್ಟು ಮಂದಿ ಇರಬೇಕಂತ ಏನರ ಐತೇನು?”

ಸುನಂದಾ ಯಂತ್ರದ ನಿಯಮಗಳನ್ನು ಮತ್ತೊಮ್ಮೆ ತೆರೆದು ನೋಡಿದರು. “ಹಂಗ ಯಾರೂ ಕೇಳಿರಲಿಲ್ರಿ.”

ಪತ್ತಾರರು ಪೆನ್ಸಿಲು ಹಿಡಿದು ಚಿತ್ರ ಬರೆದರು: ಒಂದೇ ತಾಟಿನ ಸುತ್ತ ಕುಳಿತ ಮೂವರು ಹುಡುಗಿಯರು. ಯಂತ್ರ ಗೊಣಗಲಿಲ್ಲ. ಹೊಸ ಚಿತ್ರದಲ್ಲಿ ಮೂವರೂ ಕಣ್ಣು ಬಿಟ್ಟರು. ದೊಡ್ಡವಳು ಊಟ ಬಡಿಸಿದಳು, ಸಣ್ಣವಳು ಎಲ್ಲರ ಮನಸ್ಸು ಹೇಗಿದೆಯೆಂದು ವಿಚಾರಿಸಿದಳು.

ನಡುವಿನವಳು ಮಾತ್ರ ತುತ್ತು ಎತ್ತದೆ ತನ್ನ ಕೈಗಳನ್ನೇ ನೋಡುತ್ತಿದ್ದಳು. “ಅಪ್ಪಾ, ನನ್ನ ತೋಳು ಯಾಕೆ ಇಷ್ಟು ತೆಳ್ಳಗಾಗಿವೆ?”

ಪತ್ತಾರರು ಬೇಕೆಂದೇ ಹಾಗೆ ಮಾಡಿದ್ದರು. ಈಗ ಸುನಂದಾರ ಮುಖ ನೋಡಲಾಗದೆ ಪೆನ್ಸಿಲು ಚೂಪು ಮಾಡಿಕೊಂಡರು.

“ಎಷ್ಟು ದಪ್ಪ ಬೇಕವಾ, ಹೇಳು.”