ಅರದಿಂದ ಉಜ್ಜಿದ ಗುರುತು

"ನನ್ನ ಎಂಜಿನ್ ಕದ್ದಿಲ್ಲ. ಕದ್ದಿದ್ದರೆ ಪೊಲೀಸರ ಹತ್ತಿರ ಹೋಗ್ತಿದ್ದೆ," ಎಂದಳು ಬಂದವಳು, ಕುರ್ಚಿ ತೋರಿಸಿದರೂ ಕೂರದೆ. "ಅದು ನಾನು ಮಾಡಿದ್ದೇ ಅಲ್ಲ ಅನ್ನೋ ಹಾಗೆ ಮಾಡಿದ್ದಾರೆ."

ಬಟಾಣಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ವಿಮಾ ಕಂಪನಿಗಾಗಿ ಸುಟ್ಟ ಗೋದಾಮುಗಳ ಬೂದಿ ಕೆದಕಿ ಸುಳ್ಳು ಹಿಡಿಯುತ್ತಿದ್ದವರು ಅವರು. ನಿವೃತ್ತಿಯಾದರೂ ಬೀದಿಯವರಿಗೆ ಅವರು 'ಭೂತಗನ್ನಡಿ'ಯೇ. ಎಲ್ಲ ಪತ್ತೇದಾರಿಕೆಗೂ ಜೊತೆಗಾರ್ತಿ ಸೊಸೆ. ಅವಳಾಗಲೇ ಕೈ ಒರೆಸಿಕೊಂಡು ಬಂದು ನಿಂತಿದ್ದಳು.

ಬಂದವಳು ಲೇತ್ ಅಂಗಡಿ ನಡೆಸುವವಳು, ಎಲ್ಲರ ಬಾಯಲ್ಲಿ ಲೇತಕ್ಕ. ಮೂವತ್ತು ವರ್ಷದ ಹಿಂದೆ ಮಾದರಿ ವಿಮಾನಕ್ಕೆಂದು ಅಂಗೈಯಗಲದ ಫೋರ್ ಸ್ಟ್ರೋಕ್ ಎಂಜಿನ್ ಒಂದನ್ನು ತಾನೇ ಕಡೆದು ಮಾಡಿದ್ದಳು. ಹಾರಿಸುತ್ತಿದ್ದವನು ಗಂಡ. ಅವನು ತೀರಿಕೊಂಡ ಮೇಲೆ ಹಾರಾಟದ ಕ್ಲಬ್ಬಿನವರು ಪ್ರದರ್ಶನಕ್ಕೆ ಕೇಳಿದರು, ಕೊಟ್ಟಳು. ಈಗ ಅದರ ಕೆಳಗೆ ಚೀಟಿ: 'ತಯಾರಿಸಿದವರು ಗೊತ್ತಿಲ್ಲ.' ಎಂಜಿನ್ನನ್ನು ಹಲಗೆಗೆ ಬಿಗಿಯುವ ಕಿವಿಯ ಮೇಲೆ ಅವಳು ಕೊರೆದಿದ್ದ ಗುರುತನ್ನು ಯಾರೋ ಅರದಿಂದ ಉಜ್ಜಿ ತೆಗೆದಿದ್ದರು.

"ಮಾಡಿದ ವರ್ಷವೇ, ಇದು ಅಂಗಡಿಯಲ್ಲಿ ಕೊಂಡದ್ದು ಅಂತ ಕ್ಲಬ್ಬಿನ ಸ್ಪರ್ಧೆಯಿಂದ ಹೊರಗಿಟ್ಟರು. 'ಬಿಡೇ, ನಾನು ಮಾಡಿದ್ದು ಅಂದರೆ ಒಪ್ಕೋತಾರೆ' ಅಂದರು ನಮ್ಮನೆಯವರು. ಆಗ ಬಿಟ್ಟೆ. ಇನ್ನು ಬಿಡಲ್ಲ."

ಆಫೀಸಿನಲ್ಲಿ ತಾನು ಬರೆದ ವರದಿಗಳ ಕೆಳಗೆ ಬೇರೆಯವರ ಹೆಸರು ಬೀಳುವಾಗ ನಕ್ಕು ಸುಮ್ಮನಾಗುತ್ತಿದ್ದದ್ದು ಸೊಸೆಗೆ ಯಾಕೋ ನೆನಪಾಯಿತು.

"ನನಗೆ ಎಂಜಿನ್ ಅಂದರೆ ಏನೂ ಗೊತ್ತಿಲ್ಲ," ಎಂದರು ಅತ್ತೆ. "ಮೊದಲಿಂದ ಹೇಳಿಕೊಡಮ್ಮ."

ಕ್ಲಬ್ಬಿನ ಗಾಜಿನ ಕಪಾಟಿನ ಬೀಗ ತೆಗೆಸಿ, ಅದರ ಮುಂದೆ ನಿಂತು ಲೇತಕ್ಕ ಹೇಳಿಕೊಟ್ಟಳು. ಸಿಲಿಂಡರಿನ ಪಕ್ಕ ಎರಡು ಸಣ್ಣ ಸರಳು, ಮೇಲೆ ತಕ್ಕಡಿ ಕೋಲಿನಂಥ ಎರಡು ರಾಕರ್, ಅವು ಒತ್ತಿದಾಗ ತೆರೆಯುವ ಎರಡು ವಾಲ್ವ್. ಟೂ ಸ್ಟ್ರೋಕಿನಲ್ಲಿ ಇವು ಇರುವುದಿಲ್ಲ. ಪ್ರೊಪೆಲರಿನ ಒಂದು ರೆಕ್ಕೆಯ ತುದಿ ಕೆಂಪು. ಅದು ಎಡಕ್ಕೆ ಬಂದಾಗ ಪಿಸ್ಟನ್ ಮೇಲೆ ಬಂದಿರುತ್ತದೆ.

"ಆದರೆ ಇದು ಒಂದು ಸಲ ಉರಿಯೋಕೆ ರೆಕ್ಕೆ ಎರಡು ಸುತ್ತು ತಿರುಗಬೇಕು, ಪಿಸ್ಟನ್ ಎರಡು ಸಲ ಮೇಲೆ ಬರುತ್ತೆ. ಒಂದು ಸಲ ವಾಲ್ವ್ ಎರಡೂ ಮುಚ್ಚಿರ್ತವೆ, ಇನ್ನೊಂದು ಸಲ ಎರಡೂ ಸ್ವಲ್ಪ ತೆರೆದಿರ್ತವೆ. ಎತ್ತಿಡುವಾಗ ನಾನು ಯಾವತ್ತೂ ಮುಚ್ಚಿಯೇ ಮಲಗಿಸೋದು. ಆಗ ಒಳಗೆ ತೇವ ಹೋಗಲ್ಲ, ರಾಕರ್ ಕೂಡ ಬೆರಳಿಗೆ ಟಿಕ್ ಟಿಕ್ ಅಂತ ಅಲ್ಲಾಡುತ್ತೆ."

ಸೊಸೆ ಬೆರಳಿಟ್ಟು ನೋಡಿದಳು. ಕೆಂಪು ತುದಿ ಎಡಕ್ಕೇ ಇತ್ತು. ರಾಕರ್ ಮಾತ್ರ ಅಲ್ಲಾಡಲಿಲ್ಲ. ಲೇತಕ್ಕನ ಮುಖ ಬಿಳಿಚಿತು. "ಇದು ನಾನು ಮಲಗಿಸಿದ ಹಾಗಿಲ್ಲ."

ಕಪಾಟಿನ ಬೀಗದ ಕೈ ಮೂವರ ಹತ್ತಿರ ಇತ್ತು. ಅತ್ತೆ ಒಬ್ಬೊಬ್ಬರನ್ನೇ ಕಂಡು, ಏನೂ ಅರಿಯದ ಮುದುಕಿಯ ಹಾಗೆ ಎರಡೇ ಪ್ರಶ್ನೆ ಕೇಳಿದರು: ಇದು ಯಾರು ಮಾಡಿದ್ದು? ತಿರುಗಿಸಿ ನೋಡಿದ ಮೇಲೆ ವಾಪಸ್ ಹೇಗೆ ಇಡಬೇಕು?

"ಅಣ್ಣ ಮಾಡಿದ್ದು," ಎಂದ ಲೇತಕ್ಕನ ಮೈದುನ. "ಇಡುವಾಗ ರಾಕರ್ ಸಡಿಲ ಇರ್ಬೇಕು. ಅತ್ತಿಗೆ ಹತ್ತಿರ ಬೈಸಿಕೊಂಡು ಕಲಿತಿದ್ದು."

"ನಾಲ್ಕು ಮುರುಕು ಎಂಜಿನ್ ಸೇರಿಸಿ ಕಟ್ಟಿದ್ದು," ಎಂದ ಮಾದರಿ ವಿಮಾನಗಳ ಅಂಗಡಿಯವನು. "ಕೆಂಪು ತುದಿ ನಂಬಬೇಡಿ ಅಜ್ಜಿ, ರಾಕರ್ ಅಲ್ಲಾಡಿಸಿ ನೋಡಿ."

"ವಿದೇಶಿ ಕಾರ್ಖಾನೆಯದು," ಎಂದರು ಕ್ಲಬ್ಬಿನ ಅಧ್ಯಕ್ಷರು. ಸೈನ್ಯದ ಗೇಟನ್ನೂ ನೋಡದಿದ್ದರೂ ಎಲ್ಲರಿಗೂ ಅವರು ಕ್ಯಾಪ್ಟನ್. "ಕೆಂಪು ತುದಿ ಎಡಕ್ಕೆ ತನ್ನಿ, ಮುಗೀತು. ನಾನು ಎಷ್ಟು ಎಂಜಿನ್ ನೋಡಿಲ್ಲ!"

ಸಂಜೆ ಎಲ್ಲರನ್ನೂ ಕ್ಲಬ್ಬಿನ ಕೆಲಸದ ಮೇಜಿನ ಸುತ್ತ ಕೂರಿಸಿದರು ಅತ್ತೆ.

"ಗುರುತು ಇದ್ದದ್ದು ರೆಕ್ಕೆಯ ಹಿಂದಿನ ಕಿವಿಯಲ್ಲಿ. ಉಜ್ಜುವವರಿಗೆ ರೆಕ್ಕೆ ಅಡ್ಡ. ಅದನ್ನು ತಿರುಗಿಸಿ, ಕೆಲಸ ಮುಗಿಸಿ, ಮುಂದಕ್ಕೇ ಪೂರ್ತಿ ಒಂದು ಸುತ್ತು ತಂದು, ಕೆಂಪು ತುದಿ ಎಡಕ್ಕಿಟ್ಟರು. ಬರೀ ಟೂ ಸ್ಟ್ರೋಕ್ ಹಾರಿಸಿದವರಿಗೆ ಅಷ್ಟು ಸಾಕು, ಅಲ್ಲಿ ಎಲ್ಲ ಸುತ್ತೂ ಒಂದೇ. ಇಲ್ಲಿ ಅದು ತಪ್ಪು ಸುತ್ತು. ಮೂವರಲ್ಲಿ ಆ ವ್ಯತ್ಯಾಸ ಗೊತ್ತಿಲ್ಲದವರು ಒಬ್ಬರೇ."

"ಗೊತ್ತಿದ್ದವರೂ ಮರೀಬಹುದಲ್ಲ?" ಕ್ಯಾಪ್ಟನ್ ನಕ್ಕರು.

"ಮರೀಬಹುದು. ಅದಕ್ಕೇ ಇನ್ನೊಂದು ಕೇಳ್ತೀನಿ. ಇದರ ಒಳಗೆ ವಾಲ್ವ್ ಆಡಿಸೋ ಹಲ್ಲಿನ ಚಕ್ರ, ಕ್ಯಾಮ್ ಚಕ್ರ, ಹೇಗಿದೆ?"

"ಕಾರ್ಖಾನೆಯದ್ದಲ್ವಾ, ಉಕ್ಕಿನದು."

"ಹಿತ್ತಾಳೆ," ಎಂದಳು ಲೇತಕ್ಕ. "ಮಗಳು ಹೊಟ್ಟೇಲಿದ್ದಳು. ನಿಂತೂ ನಿಂತೂ ಕಾಲು ಬಾತಿತ್ತು. ಒಂದು ಹಲ್ಲು ಓರೆಯಾಯ್ತು, ಅರದಲ್ಲಿ ಸರಿ ಮಾಡಿದೆ. ಆ ಹಲ್ಲೊಂದು ಸಣಕಲು."

ಅಂಗಡಿಯವನು ಮುಚ್ಚಳ ಬಿಚ್ಚಿದ. ಹಳೆಯ ಎಣ್ಣೆಯ ಕಂದು ಪೊರೆಯ ಕೆಳಗೆ ಹಿತ್ತಾಳೆ ಹೊಳೆಯಿತು. ಎಲ್ಲ ಹಲ್ಲಿನ ನಡುವೆ ಒಂದು ಸಣಕಲು.

ಕ್ಯಾಪ್ಟನ್ನರ ಕುತ್ತಿಗೆ ಕೆಂಪೇರಿತು.

"ಅವತ್ತು ತೀರ್ಪುಗಾರ ನಾನೇ ಇದ್ದೆ! ಒಬ್ಬ ಹೆಂಗಸು ಬಸುರಿಯಾಗಿದ್ದಾಗ ಇದನ್ನ ಮಾಡಿದಳು ಅಂದರೆ, ಕೊಂಡದ್ದು ಅಂತ ನಾನು ಹೊರಗಿಟ್ಟ ತೀರ್ಪಿನ ಗತಿ ಏನು?"

"ಆ ಭಯಕ್ಕೇ ಅರ ಹಿಡಿದಿರಿ," ಎಂದರು ಅತ್ತೆ ಮೆತ್ತಗೆ.

ಮೈದುನ ಎದ್ದ. "ಹೋಗಲಿ ಬಿಡಿ ಅತ್ತಿಗೆ. ಚೀಟಿಯಲ್ಲಿ ಅಣ್ಣಂದೂ ನಿಮ್ಮದೂ ಇಬ್ಬರ ಹೆಸರೂ ಬರೆಸೋಣ. ಯಾರಿಗೂ ಮನಸ್ತಾಪ ಬೇಡ."

ಎಂದಿನ ಸೊಸೆಯಾಗಿದ್ದರೆ ತಲೆಯಾಡಿಸುತ್ತಿದ್ದಳು. "ಮನಸ್ತಾಪ ಆಗಲಿ ಬಿಡಿ," ಎಂದುಬಿಟ್ಟಳು, ತನ್ನ ದನಿಗೆ ತಾನೇ ಬೆಚ್ಚುತ್ತ. ಅತ್ತೆ ಅವಳತ್ತ ತಿರುಗಿ ನೋಡಿದರು. ತಡೆಯಲಿಲ್ಲ.

ಲೇತಕ್ಕ ಮುಚ್ಚಳ ಬಿಗಿದಳು. ಪ್ರೊಪೆಲರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಕೆಂಪು ತುದಿ ಮತ್ತೆ ಎಡಕ್ಕೆ ಬಂದಾಗ ನಿಲ್ಲಿಸಿದಳು. ರಾಕರ್ ಬೆರಳಿಗೆ ಟಿಕ್ ಟಿಕ್ ಎಂದಿತು.

"ನಿಮ್ಮಣ್ಣ ಹಾರಿಸಿದರು, ಚೆನ್ನಾಗಿ ಹಾರಿಸಿದರು. ಅದನ್ನ ಬೇರೆ ಚೀಟೀಲಿ ಬರೀರಿ," ಎಂದು ಎಂಜಿನ್ನನ್ನು ಎದೆಗವಚಿಕೊಂಡಳು. "ಇದು ಇನ್ನು ಕಪಾಟಿಗೆ ಬರಲ್ಲ. ನಾಳೆ ಮೈದಾನದಲ್ಲಿ ಹಾರುತ್ತೆ, ಹಾರಿಸೋಳೂ ನಾನೇ. ನೋಡೋ ಆಸೆ ಇದ್ದವರು ಬನ್ನಿ. ಕತ್ತೆತ್ತಿ ನೋಡಬೇಕಾಗುತ್ತೆ, ಅಷ್ಟೇ."