ಸ್ಟಾರ್ಟರ್ ಬದಲಿಸಿದ ಕೈ

ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಆಮೇಲೆ ಏನೂ ಇಲ್ಲ.

ಕಾರು ಕಲಿಯುತ್ತಿದ್ದ ಊರಿನ ಟೈಲರ್ ಮತ್ತೆ ತಿರುಗಿಸಿದಳು. ಮತ್ತೆ ಟಕ್.

“ಟೀಚರ್, ಇವತ್ತೇ ಹೀಗಾಗ್ಬೇಕಾ?” ಎಂದಳು.

ಪಕ್ಕದಲ್ಲಿ ಕುಳಿತಿದ್ದ ಡ್ರೈವಿಂಗ್ ಟೀಚರ್ ಕೈಗಡಿಯಾರ ನೋಡಿಕೊಂಡಳು. ಎಂಟೂವರೆ. ಹನ್ನೊಂದಕ್ಕೆ ಲೈಸೆನ್ಸ್ ಪರೀಕ್ಷೆ. ಟೈಲರ್‌ಗೆ ಚಿಕ್ಕಂದಿನಿಂದ ಎರಡೂ ಕಾಲಲ್ಲಿ ಬಲವಿಲ್ಲ. ಬ್ರೇಕು, ಆಕ್ಸಿಲರೇಟರು ಎರಡನ್ನೂ ಕೈಯಲ್ಲೇ ನಡೆಸುವ ಗಾಡಿ ಊರಲ್ಲಿ ಇದೊಂದೇ. ಲೈಸೆನ್ಸ್ ಸಿಕ್ಕರೆ ಸೋಮವಾರದಿಂದ ಹೊಸ ಕೆಲಸ: ಊರೂರು ಸುತ್ತಿ ಹೊಲಿಗೆ ಕಲಿಸುವುದು. ಇಂಥದೇ ಗಾಡಿ ಆಫೀಸಿನವರೇ ಕೊಡುತ್ತಾರೆ. ಇವತ್ತು ತಪ್ಪಿದರೆ ಮುಂದಿನ ಪರೀಕ್ಷೆ ನಾಲ್ಕು ತಿಂಗಳ ಮೇಲೆ. ಕೆಲಸ ಅಲ್ಲಿಯವರೆಗೆ ಕಾಯುವುದಿಲ್ಲ.

ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಗಾಡಿ ಆಟೋಮ್ಯಾಟಿಕ್. ಊರೆಲ್ಲ ಸೇರಿ ತಳ್ಳಿದರೂ ಏಳುವುದಿಲ್ಲ.

“ಬ್ಯಾಟರಿ ಹೋಗಿರ್ಬೇಕು,” ಎಂದ ಹೊರಗೆ ನಿಂತಿದ್ದ ಟೈಲರ್‌ನ ಅಣ್ಣ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ತಂಗಿಯನ್ನು ಸ್ಕೂಟರಿನಲ್ಲಿ ಕರೆತಂದವನೂ ಅವನೇ. “ನೈಟ್ ಶಿಫ್ಟ್ ಮುಗಿಸ್ಕೊಂಡು ಎಂಟಕ್ಕೆ ನೇರ ಮನೆಗೆ ಬಂದೆ, ನಿದ್ದೇನೂ ಮಾಡಿಲ್ಲ. ಹೋಗ್ಲಿ ಬಿಡಿ ಟೀಚರ್, ಅವಳ ಹಣೇಲಿ ಬರ್ದಿಲ್ಲ.”

ಟೀಚರ್ ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದಳು; ಅದು ಎರಡು ಹತ್ತು ತೋರಿಸುತ್ತಿತ್ತು. ಇಪ್ಪತ್ತಾರು ವರ್ಷ ಪೊಲೀಸ್ ಜೀಪು ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನ ಸಾಹೇಬರುಗಳು ಕಳ್ಳರನ್ನು ಹಿಡಿಯುವುದನ್ನು ಕನ್ನಡಿಯಲ್ಲಿ ನೋಡಿ ನೋಡಿ ಕಲಿತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಪೈಕಿ ಅಲ್ಲ.

ಹೆಡ್‌ಲೈಟ್ ಹಾಕಿಸಿದಳು. ಝಗ್ಗೆಂದಿತು. ಕೀಲಿ ತಿರುಗಿಸಿದಾಗಲೂ ಬೆಳಕು ಮಂಕಾಗಲಿಲ್ಲ. ಬಾನೆಟ್ ಎತ್ತಿದಳು; ಬ್ಯಾಟರಿಯ ತುದಿಗಳು ಉಜ್ಜಿದಂತೆ ಹೊಳೆಯುತ್ತಿದ್ದವು. ಇಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರಿಗೆ ಮೀಟರ್ ಹಿಡಿದಳು. ಹನ್ನೆರಡು ವೋಲ್ಟು ಸರಿಯಾಗಿ ಬಂದು ತಲುಪುತ್ತಿದೆ. ಮೋಟರು ಮಾತ್ರ ಅಲುಗುತ್ತಿಲ್ಲ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದಳು. ಊಹೂಂ.

ಟಾರ್ಚ್ ಬಿಟ್ಟು ನೋಡಿದಳು. ಹೋದ ತಿಂಗಳು ತಾನೇ ಕೂತು ಹೊಸ ಸ್ಟಾರ್ಟರ್ ಹಾಕಿದ್ದಳು. ಈಗ ಅಲ್ಲಿರುವುದು ತುಕ್ಕು ಹಿಡಿದ ಮುದಿ ಸ್ಟಾರ್ಟರ್.

“ಇದು ಕೆಟ್ಟಿದ್ದಲ್ಲ,” ಎಂದಳು. “ಕದ್ದಿದ್ದು. ಹೊಸದನ್ನ ಬಿಚ್ಕೊಂಡು ಗುಜರಿ ಮಾಲು ಹಾಕಿದಾರೆ.”

*

ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನ ಮಾಲೀಕನಿಗೆ ಎಲ್ಲರೂ ‘ಹಾರ್ನ್’ ಎನ್ನುತ್ತಿದ್ದರು. ಬಾಯಿ ಅಷ್ಟು ದೊಡ್ಡದು. ಹೊಟ್ಟೆಕಿಚ್ಚು ಅದಕ್ಕಿಂತ ದೊಡ್ಡದು. ಮೊದಲ ಅನುಮಾನ ಅವನ ಮೇಲೇ ಬಂದು ಟೀಚರ್ ಹೋದಾಗ ಅವನ ಶೆಡ್ಡಿನ ನೆಲದ ಮೇಲೆ ಒಂದು ಸ್ಟಾರ್ಟರ್ ಮೋಟರ್ ಬಿದ್ದಿತ್ತು.

ಅವಳ ಕಣ್ಣು ಅದರ ಮೇಲೆ ನಿಂತದ್ದೇ ತಡ, ಹಾರ್ನ್ ಕೂಗಿದ. “ಅದು ನನ್ನ ಜೀಪಿಂದು! ನಾನ್ಯಾಕೆ ನಿಮ್ಮದು ಕದೀಲಿ?”

“ಕದ್ದೆ ಅಂತ ಯಾರಂದ್ರು?”

“ನೀವು ಟೈಲರ್ ಜೊತೆ ಅಲ್ಲಿ ಒದರಾಡಿದ್ದು ಇಲ್ಲಿವರೆಗೂ ಕೇಳಿಸ್ತು!”

ಟೀಚರ್ ಮೋಟರನ್ನು ಎತ್ತಿ ನೋಡಿದಳು. ತನ್ನದರ ಎರಡರಷ್ಟು ಗಾತ್ರ. ಜೀಪಿನದೇ.

“ಬೆಳಿಗ್ಗೆ ಆರು ಗಂಟೆ ಹೊತ್ತಿಗೆ ಎಲ್ಲಿದ್ರಿ?”

“ರಸ್ತೇಲಿ. ನಾಲ್ಕು ಜನ ಕಲಿಯೋರು ಕಾರಲ್ಲಿದ್ರು. ಕೇಳ್ಕೊಳ್ಳಿ.”

ಕೇಳಬೇಕಾಗಿರಲಿಲ್ಲ. ಹಾರ್ನ್‌ನ ಕಾರಿನ ಬಾನೆಟ್ ತೆರೆದೇ ಇತ್ತು. ಬ್ಯಾಟರಿಯ ತುದಿಗಳ ಮೇಲೆ ಬಿಳಿ ಪುಡಿ ಹೂಕೋಸಿನ ಹಾಗೆ ಅರಳಿತ್ತು. ಟೀಚರ್ ಅದನ್ನು ನೋಡಿ ನಕ್ಕುಬಿಟ್ಟಳು.

“ನೀವಲ್ಲ ಬಿಡಿ,” ಎಂದಳು.

ಹಾರ್ನ್‌ಗೆ ಸಮಾಧಾನವಾಗಬೇಕಿತ್ತು. ಯಾಕೋ ಅವಮಾನವಾಯಿತು.

ವಾಪಸ್ ಬರುವ ದಾರಿಯಲ್ಲೇ ಅವಳು ಬಸ್ ಡಿಪೋದ ಗೇಟಿಗೆ ಫೋನ್ ಮಾಡಿದಳು. ಅಲ್ಲಿನ ಕಾವಲುಗಾರ ಹಳೇ ಪರಿಚಯ. ಅವನ ಉತ್ತರ ಕೇಳಿ ಅವಳ ನಗು ಮಾಯವಾಯಿತು.

*

ಒಂಬತ್ತೂಕಾಲು. ಟೈಲರ್ ಇನ್ನೂ ಸ್ಟಿಯರಿಂಗ್ ಹಿಡಿದೇ ಕುಳಿತಿದ್ದಳು. ಅಣ್ಣ ಗೋಡೆಗೆ ಒರಗಿದ್ದ.

ಟೀಚರ್ ಅವನ ಮುಂದೆ ನಿಂತಳು.

“ಡ್ಯಾಶ್‌ಬೋರ್ಡಿನ ಗಡಿಯಾರ ಎಷ್ಟು ತೋರಿಸ್ತಿದೆ ಹೇಳಮ್ಮ,” ಎಂದು ಟೈಲರ್‌ಳನ್ನು ಕೇಳಿದಳು.

“ಎರಡು ಐವತ್ತೈದು. ಕೆಟ್ಟಿದೆ.”

“ಕೆಟ್ಟಿಲ್ಲ. ಬ್ಯಾಟರಿ ವೈರ್ ಬಿಚ್ಚಿ ಮತ್ತೆ ಹಾಕಿದ್ರೆ ಅದು ಹನ್ನೆರಡರಿಂದ ಶುರುವಾಗುತ್ತೆ. ಅಂದ್ರೆ ಕೆಲಸ ಮುಗಿದಿದ್ದು ಆರು ಇಪ್ಪತ್ತಕ್ಕೆ. ಅವಸರದ ಕಳ್ಳ ಬ್ಯಾಟರಿ ಬಿಚ್ಚೋದಿಲ್ಲ. ಬಿಚ್ಚಿದ್ರೂ ತುದಿ ಉಜ್ಜಿ, ಗ್ರೀಸ್ ಹಚ್ಚಿ ಹೋಗಲ್ಲ. ನಿನ್ನೆ ನನ್ನ ಬ್ಯಾಟರಿ ಗಲೀಜಾಗಿತ್ತು. ಇವತ್ತು ಫಳಫಳ ಅಂತಿದೆ. ಡಿಪೋದಲ್ಲಿ ಪಳಗಿದ ಕೈ, ಕಳ್ಳತನ ಮಾಡುವಾಗ್ಲೂ ನಿಯಮ ಮೀರಲಿಲ್ಲ.”

ಅಣ್ಣ ನೆಲ ನೋಡಿದ.

“ಈ ಕಾರಿನ ಬಾಗಿಲಿಗೆ ಸರಿಯಾದ ಬೀಗ ಇಲ್ಲ ಅಂತ ನಿನಗೆ ಗೊತ್ತು. ಎಂಟರವರೆಗೆ ಶಿಫ್ಟ್ ಅಂದೆ. ಐದೂವರೆಗೇ ಹೊರಟೆ ಅಂತಾನೆ ಕಾವಲುಗಾರ. ಅದೂ ಹೋಗ್ಲಿ. ಲೈಟು ಕೂಡ ಹಾಕಿ ನೋಡದೆ ಬ್ಯಾಟರಿ ಹೋಗಿದೆ ಅಂದೆಯಲ್ಲ, ಹದಿನೈದು ವರ್ಷದ ಎಲೆಕ್ಟ್ರಿಷಿಯನ್! ಫ್ಯೂಸ್ ಕಿತ್ತಿದ್ರೆ ನಾನು ನಿಮಿಷದಲ್ಲಿ ಹಿಡೀತಿದ್ದೆ. ಸ್ಟಾರ್ಟರ್ ಆದ್ರೆ ಹೊಸದು ತರಿಸೋಕೆ ಎರಡು ದಿನ. ಅಷ್ಟರಲ್ಲಿ ಪರೀಕ್ಷೆ ಕೈತಪ್ಪಿರುತ್ತೆ. ಇದೇ ಲೆಕ್ಕಾಚಾರ ತಾನೇ?”

ಅವನು ಸ್ಕೂಟರಿನ ಡಬ್ಬಿ ತೆರೆದ. ಹಳೇ ಅಂಗಿಯಲ್ಲಿ ಸುತ್ತಿದ ಹೊಸ ಸ್ಟಾರ್ಟರ್ ಅಲ್ಲೇ ಇತ್ತು.

“ನಾಳೆ ವಾಪಸ್ ಹಾಕ್ತಿದ್ದೆ,” ಎಂದ. “ದೇವರಾಣೆ.”

ಟೈಲರ್ ಬಾಗಿಲು ದೂಡಿದಳು. ಸಿಟ್ಟಿಗೆ ಅವಳ ಕಣ್ಣು ತುಂಬಿತ್ತು. “ಯಾಕಣ್ಣ? ನಾನು ಎಲ್ಲಾದ್ರೂ ಗುದ್ಕೊಂಡು ಸಾಯ್ತೀನಿ ಅಂತ ಭಯಾನಾ?”

“ಅಲ್ಲ.”

“ಮತ್ತೆ?”

“ಶಾಲೆಗೆ ಹೊತ್ಕೊಂಡು ಹೋದೆ. ಅಂಗಡಿಗೆ, ಆಸ್ಪತ್ರೆಗೆ ನಾನೇ. ನೀನೇ ಓಡಿಸ್ಕೊಂಡು ಹೋದ್ರೆ, ನಾನು ಬೆಳಿಗ್ಗೆ ಎದ್ದು ಯಾರನ್ನ ಕರ್ಕೊಂಡು ಹೋಗ್ಲಿ?”

ಬೈಯಲೆಂದು ನಿಂತಿದ್ದ ಟೀಚರ್ ಮರುಗಿದಳು.

ಟೈಲರ್ ಮಾತ್ರ ಕರಗಲಿಲ್ಲ. ಮೂಗು ಒರೆಸಿಕೊಂಡು ಕೇಳಿದಳು: “ಹಾಕೋಕೆ ಎಷ್ಟು ಹೊತ್ತು?”

“ಅರ್ಧ ಗಂಟೆ.”

“ಹಾಕು. ಜಗಳ ಆಮೇಲೆ.”

ಅವನು ಮೊದಲು ಬ್ಯಾಟರಿಯ ವೈರ್ ಬಿಚ್ಚಿದ. ಎರಡು ಬೋಲ್ಟು ಸಡಿಲಿಸಿ ಮುದಿ ಸ್ಟಾರ್ಟರನ್ನು ಇಳಿಸಿದ. ಹೊಸದನ್ನು ಕೂರಿಸಿ ದಪ್ಪ ವೈರು ಬಿಗಿದ. ಟೀಚರ್ ಟಾರ್ಚ್ ಹಿಡಿದಳು. ಹತ್ತಕ್ಕೆ ಐದು ನಿಮಿಷ ಇರುವಾಗ ಟೈಲರ್ ಕೀಲಿ ತಿರುಗಿಸಿದಳು. ಇಂಜಿನ್ ಒಂದೇ ಸಲಕ್ಕೆ ಎದ್ದಿತು.

*

ಹನ್ನೆರಡಕ್ಕೆ ಪರೀಕ್ಷಾ ಮೈದಾನದ ಗೇಟಿನ ಹೊರಗೆ ಅಣ್ಣ ಸ್ಕೂಟರಿನ ಪಕ್ಕ ನಿಂತಿದ್ದ. ಒಳಗೆ ಬರುವ ಧೈರ್ಯ ಆಗಿರಲಿಲ್ಲ.

ಕಾರು ನಿಧಾನವಾಗಿ ಬಂದು ಅವನ ಮುಂದೆ ನಿಂತಿತು. ಟೀಚರ್ ಇಳಿದು ಸ್ಕೂಟರಿನ ಕೀಲಿಗೆ ಕೈಚಾಚಿದಳು. “ಇದನ್ನ ನಾನು ತರ್ತೀನಿ. ನೀನು ಹತ್ತು.”

“ಪಾಸಾ?” ಎಂದ ಅವನು.

ಟೈಲರ್ ಒಳಗಿನಿಂದ ಕಾಗದ ತೋರಿಸಿದಳು. ಅವನು ಪಕ್ಕದ ಸೀಟಿನಲ್ಲಿ ಕುಳಿತ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿಟ್ಟುಕೊಂಡ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ರಾತ್ರಿಯಿಡೀ ನಿದ್ದೆ ಮಾಡಿಲ್ಲ ನೀನು,” ಎಂದಳು ತಂಗಿ. “ಬೆಲ್ಟ್ ಹಾಕ್ಕೊಂಡು ಮಲಕ್ಕೋ. ಮನೆ ಬಂದ್ಮೇಲೆ ಎಬ್ಬಿಸ್ತೀನಿ.”