ಹಸಿರು ಡ್ರಿಲ್ಲು

ಅವತ್ತು ಮುಂಜಾನೆ ಮಂಜು ಎಷ್ಟು ದಟ್ಟವಾಗಿ ಬಿದ್ದಿತ್ತೆಂದರೆ, ತೊರವಿ ದಾಟಿದರೂ ಗೋಳಗುಮ್ಮಟ ಕಾಣಲಿಲ್ಲ. ಬೈಕಿನ ಹಿಂದೆ ಕುಳಿತಿದ್ದ ಸುವರ್ಣಾ ಅಪ್ಪನ ಭುಜದ ಮೇಲಿಂದ ಇಣುಕಿ ಇಣುಕಿ ನೋಡಿದಳು. ಅಷ್ಟು ದೊಡ್ಡ ಗುಮ್ಮಟವನ್ನು ಯಾರೋ ಪಾಟಿಯ ಮೇಲಿನ ಅಕ್ಷರದಂತೆ ಒರೆಸಿಬಿಟ್ಟಿದ್ದರು.

"ಅಪ್ಪಾ, ಗುಮ್ಮಟ ಎಲ್ಲಿ ಹೋತು?"

"ಎಲ್ಲಿ ಹೋಗತೈತಿ? ಅಲ್ಲೇ ಐತಿ. ನಮಗ ಕಾಣವಲ್ದು, ಅಷ್ಟ."

ಅಪ್ಪ ಶಿವಯೋಗೆಪ್ಪನ ದನಿಯಲ್ಲಿ ನಗು ಇರಲಿಲ್ಲ. ಹೊನವಾಡದ ಅವರ ದ್ರಾಕ್ಷಿ ತೋಟಕ್ಕೆ ಹಿಂದಿನ ವಾರ ಕಾಡುಹಂದಿಗಳು ನುಗ್ಗಿದ್ದವು. ಬಳ್ಳಿಗಳ ಬುಡ ಕೆದರಿದ್ದವು. ನೀರಿನ ಪೈಪು ಕಚ್ಚಿ ತುಂಡು ಮಾಡಿದ್ದವು. ಪಕ್ಕದ ಜೋಳವನ್ನೆಲ್ಲ ಚಾಪೆಯಂತೆ ಮಲಗಿಸಿ ಹೋಗಿದ್ದವು.

ಅಪ್ಪ ಬದುವಿನ ಮೇಲೆ ಗೂಟ ಬಡಿದು, ಅದಕ್ಕೆ ವಾಯರಿನ ಉರುಲು ಕಟ್ಟಿದ್ದ. ಒಂದು ಹಂದಿ ಅದರಲ್ಲಿ ಸಿಕ್ಕಿಯೂ ಬಿದ್ದಿತ್ತು. ಆದರೆ ಬದುವಿನ ನೆಲ ಗಟ್ಟಿ ಗರ್ಸು, ಕಲ್ಲು ಬೆರೆತ ಮಣ್ಣು. ಗೂಟ ಗೇಣುದ್ದವೂ ಇಳಿದಿರಲಿಲ್ಲ. ಹಂದಿ ಗೂಟವನ್ನೇ ಕಿತ್ತುಕೊಂಡು ಓಡಿತ್ತು.

ಮತ್ತೆ ಹಾರೆ ಹಾಕಿ ಹಾಕಿ ಅಪ್ಪನ ಅಂಗೈ ತುಂಬ ಬೊಬ್ಬೆ ಎದ್ದಿದ್ದವು. ಅದಕ್ಕೇ ಅವನು ನೆಲಕ್ಕೆ ತೂತು ಹಾಕುವ ಬ್ಯಾಟರಿ ಡ್ರಿಲ್ಲು ತರಲು ವಿಜಯಪುರಕ್ಕೆ ಹೊರಟಿದ್ದ. ಶಾಲೆಗೆ ರಜೆ ಇತ್ತು. ಸುವರ್ಣಾ ಬೆನ್ನು ಹತ್ತಿದ್ದಳು.

ಗಾಂಧಿ ಚೌಕದ ಒಂದು ಸಂದಿಯಲ್ಲಿ ಮಶಾಕಸಾಬನ ಅಂಗಡಿ. ಬಿಳಿ ಗಡ್ಡದ ಮಶಾಕಸಾಬ ಆಗಷ್ಟೇ ಬಾಗಿಲು ತೆರೆದು ಊದುಬತ್ತಿ ಹಚ್ಚುತ್ತಿದ್ದ.

"ಬರ್ರಿ ಅಣ್ಣಾರ. ಏನವ್ವಾ, ಅಪ್ಪನ್ನ ಕಾಯಾಕ ಬಂದಿ?"

"ಹೂಂನ್ರಿ. ಬಿಟ್ರ ಚಾದ ಅಂಗಡ್ಯಾಗ ಕುಂತ ಬಿಡತಾನ."

ಮಶಾಕಸಾಬ ಗಡ್ಡ ಅಲ್ಲಾಡುವಂತೆ ನಕ್ಕ. "ನೆಲಕ್ಕ ತೂತು ಹಾಕೂ ಡ್ರಿಲ್ಲು ಬೇಕಾಗಿತ್ರಿ," ಎಂದ ಅಪ್ಪ.

"ಯಾತಕ್ಕರಿ?"

ಅಪ್ಪ ಸ್ವಲ್ಪ ತಡೆದ. "ಗೂಟಕ್ಕರಿ. ತೋಟದಾಗ."

ಎಂಥ ಗೂಟ ಎಂದು ಮಶಾಕಸಾಬ ಕೇಳಲಿಲ್ಲ. ಮೇಜಿನ ಮೇಲೆ ಒಂದು ಕೆಂಪು, ಒಂದು ಹಳದಿ, ಒಂದು ಹಸಿರು ಡ್ರಿಲ್ಲು ತಂದಿಟ್ಟ.

"ಈ ಕೆಂಪದು ಗ್ವಾಡಿಗಿ ಫೋಟೋ ಹಚ್ಚಾಕ ಛಲೋ. ಮಣ್ಣಾಗ ಇಳಿಸಿದ್ರ ಕೆಮ್ಮಿ ಕೆಮ್ಮಿ ಕುಂದ್ರತೈತಿ. ಹಳದಿದು ಗಟ್ಟಿ ಐತಿ ಖರೆ. ಆದ್ರ ಬ್ಯಾಟರಿ ಒಂದ. ಅರ್ಧಾ ಕೆಲಸದಾಗ ನಿಂತ ಬಿಡತೈತಿ." ಆಮೇಲೆ ಹಸಿರನ್ನು ಎತ್ತಿ ಅದರ ಬಾಯಿಗೆ ಉದ್ದನೆಯ, ಸುರುಳಿ ಸುರುಳಿಯಾದ ಕಬ್ಬಿಣ ಸಿಕ್ಕಿಸಿದ. "ಇದಕ್ಕ ಬ್ಯಾಟರಿ ಎರಡು. ನಿಧಾನಕ್ಕ ತಿರಗತೈತಿ, ಆದ್ರ ಜೋರು ಭಾಳ. ಇಲ್ಲಿ ಮಗ್ಗಲಿಗಿ ಇನ್ನೊಂದು ಹಿಡಿಕಿ ಐತಿ ನೋಡ್ರಿ. ಎರಡೂ ಕೈಲೆ ಹಿಡೀಬೇಕು. ಕಲ್ಲು ಸಿಕ್ತಂದ್ರ ನಿಮ್ಮ ಮಣಿಕಟ್ಟ ತಿರುವತೈತಿ."

ಅಪ್ಪ ಹಳದಿಯನ್ನು ನೋಡಿದ, ಹಸಿರನ್ನು ನೋಡಿದ. ಮತ್ತೆ ಹಳದಿಯನ್ನು ನೋಡಿದ. ಕೊನೆಗೆ, "ನೀನ ಹೇಳವಾ ಸುವರ್ಣಿ," ಎಂದ.

ಇಷ್ಟು ದೊಡ್ಡ ಮಾತನ್ನು ಅಪ್ಪ ಅವಳನ್ನು ಕೇಳಿದ್ದು ಇದೇ ಮೊದಲು. ಸುವರ್ಣಾ ಹಸಿರು ಡ್ರಿಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು. ಭಾರವಿತ್ತು.

"ಇದ ಇರ್ಲಿ ಅಪ್ಪಾ. ತೂತು ಆಳ ಬೀಳಬೇಕು. ಇನ್ನೊಮ್ಮಿ ಗೂಟ ಕಿತ್ತ ಬರಬಾರದು."

"ಶಾಣ್ಯಾಕಿ ಅದಾಳ ನಿಮ್ಮ ಮಗಳು," ಎಂದ ಮಶಾಕಸಾಬ. ಟಿಕೋಟಾ ದಾಟಿ ಹೊನವಾಡ ಮುಟ್ಟುವವರೆಗೂ ಸುವರ್ಣಾ ಡ್ರಿಲ್ಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮಧ್ಯಾಹ್ನ ಡ್ರಿಲ್ಲು ಗುರ್ ಎಂದು ಗರ್ಸಿನೊಳಗೆ ಇಳಿಯಿತು. ತೂತಿನ ಸುತ್ತ ಕೆಂಪು ಪುಡಿ ಗುಡ್ಡೆಯಾಯಿತು. ಬದುವಿನ ಮೂಲೆಯ ತೂತನ್ನು ಅಪ್ಪ ಅವಳ ಕೈಯಲ್ಲೇ ಹಾಕಿಸಿದ. ಮೇಲೆ ಅವನ ಕೈ, ಕೆಳಗೆ ಅವಳ ಕೈ. ಗೂಟ ಬಡಿದು, ಮಣ್ಣು ತುಳಿದು, ಜಗ್ಗಿ ನೋಡಿದರು. ಅಲುಗಾಡಲಿಲ್ಲ. ಅಪ್ಪ ಉರುಲು ಕಟ್ಟಿ, ಅದರ ಮೇಲೆ ಒಣ ಹುಲ್ಲು ಎಳೆದ.

"ಯಾರ ಮುಂದೂ ಬಾಯಿ ಬಿಡಬ್ಯಾಡ. ಫಾರೆಸ್ಟ್‌ನವರಿಗಿ ಗೊತ್ತಾದ್ರ ಕೇಸು ಹಾಕತಾರ."

"ಆಯಿ ಮುಂದ?"

"ಆಯಿ ಮುಂದಂತೂ ಮೊದಲ ಬ್ಯಾಡ."

ಮರುದಿನ ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬ. ಅಪ್ಪನ ತಾಯಿ, ಆಯಿ ಮುರಿಗೆವ್ವ ಇಳಕಲ್ ಸೀರೆ ಉಟ್ಟು, ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಹೊರಿಸಿಕೊಂಡು ಹೊಲಕ್ಕೆ ಬಂದಳು. ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದಳು. ತೋಟದ ಕೆಲಸಕ್ಕೆ ಬರುವ ಹನಮವ್ವನೂ ಮೊಮ್ಮಗಳು ಮೇಘಾಳನ್ನು ಕರೆದುಕೊಂಡು ಬಂದಿದ್ದಳು. ಅವರದು ಬದುವಿನ ಆಚೆಯ ತಗಡಿನ ಮನೆ. ಸುವರ್ಣಾ, ಮೇಘಾ ಇಬ್ಬರೂ ಐದನೆಯ ಇಯತ್ತೆ, ಒಂದೇ ಬೆಂಚು.

ಮೇಘಾಳ ಹಿಂದೆಯೇ ಅವಳ ಆಡಿನ ಮರಿ ಚಂದ್ರಿ. ಹಣೆಯ ಮೇಲೆ ಬಿಳಿ ಬೊಟ್ಟು. ಮೇಘಾ ತನ್ನ ಹಳೆಯ ಕಾಲ್ಗೆಜ್ಜೆಯಿಂದ ಒಂದು ಗೆಜ್ಜೆ ಬಿಡಿಸಿ ಕೆಂಪು ದಾರದಲ್ಲಿ ಅದರ ಕೊರಳಿಗೆ ಕಟ್ಟಿದ್ದಳು.

ಆಯಿ ಮೊರದಲ್ಲಿ ಹೊಲಕ್ಕೆ ಚೆಲ್ಲುವ ಚರಗದ ಎಡೆ ಕಲಸಿಕೊಂಡಳು. ರೊಟ್ಟಿ, ಕಡುಬು, ಪಲ್ಯ ಎಲ್ಲ ಒಂದರೊಳಗೊಂದು. ವರ್ಷ ವರ್ಷವೂ ಮಾಡಿದ ಹಾಗೆ ಹೊಲದ ಸುತ್ತ ಬದುಗುಂಟ ನಡೆಯುತ್ತ, ಚರಗ ಚೆಲ್ಲುತ್ತ, ಉಣ್ಣಾಕ ಬರ್ರಿ ಎಂದು ಕೂಗಿದಳು. ಮಕ್ಕಳು ಹಿಂದಿನಿಂದ ಅದಕ್ಕಿಂತ ಜೋರಾಗಿ ಕೂಗಿದರು.

"ಯಾರನ್ನ ಕರ್ಯಾಕತ್ತೀವಿ ಆಯಿ?" ಎಂದಳು ಮೇಘಾ.

"ಎಲ್ಲಾರನ್ನೂ, ನನ್ನ ಬಂಗಾರಾ. ಇರಿವಿ, ಹಕ್ಕಿ, ನರಿ, ಹಂದಿ. ಭೂಮಿತಾಯಿ ಮನ್ಯಾಗ ಎಲ್ಲಾರದೂ ಪಾಲ ಐತಿ. ಕರದು ನೀಡಬೇಕು."

ಬದುವಿನ ಮೂಲೆ ಬಂತು. ಆಯಿ ಮುಷ್ಟಿ ತುಂಬ ಕಡುಬಿನ ಚೂರು ತೆಗೆದಳು.

ಅಲ್ಲಿ ಬ್ಯಾಡ ಆಯಿ, ಎಂಬ ಮಾತು ಸುವರ್ಣಾಳ ನಾಲಗೆಯ ತುದಿಗೆ ಬಂತು. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ದೂರದಲ್ಲಿ ಯಾರಿಗೋ ಹೋಳಿಗೆ ಬಡಿಸುತ್ತ ನಗುತ್ತಿದ್ದ. ಹಬ್ಬದ ಗದ್ದಲದಲ್ಲಿ ಅವನಿಗೆ ಉರುಲಿನ ನೆನಪೇ ಇದ್ದಂತಿರಲಿಲ್ಲ. ಸುವರ್ಣಾ ಮಾತನ್ನು ನುಂಗಿದಳು.

ಕಡುಬಿನ ಚೂರು ಒಣ ಹುಲ್ಲಿನ ಮೇಲೆ ಬಿದ್ದವು. ಚಂದ್ರಿ ಮೂಗು ಅರಳಿಸಿ ಅತ್ತ ಜಿಗಿಯಿತು. ಮೇಘಾ ಕಿವಿ ಹಿಡಿದು ಎಳೆದಳು. "ಬಾರಲೇ ಹೊಟ್ಟಿಬಾಕಿ! ಈಗ ಇನ್ನ ನನ್ನ ಹೋಳಿಗಿ ತಿಂದೀದಿ."

ಎಲ್ಲರೂ ನಕ್ಕರು. ಸುವರ್ಣಾಳೂ ನಕ್ಕಳು.

ಮಾರನೆಯ ಮುಂಜಾನೆ ಮತ್ತೆ ಮಂಜು. ಅಪ್ಪನ ಹಿಂದೆ ಸುವರ್ಣಾ ಬದುಗುಂಟ ನಡೆದಳು. ಮೂಲೆಯಲ್ಲಿ ಏನೋ ಬಿದ್ದಿತ್ತು. ಹಂದಿಗಿಂತ ಬಹಳ ಸಣ್ಣದು.

ಹಣೆಯ ಮೇಲೆ ಬಿಳಿ ಬೊಟ್ಟು. ಬಾಯಿಯ ಹತ್ತಿರ ಕಡುಬಿನ ಚೂರು. ಸುತ್ತಲಿನ ನೆಲವನ್ನೆಲ್ಲ ಸಣ್ಣ ಗೊರಸುಗಳು ಕೆದರಿದ್ದವು. ಗೂಟ ಮಾತ್ರ ಕೂದಲೆಳೆಯಷ್ಟೂ ಅಲುಗಾಡಿರಲಿಲ್ಲ. ತೂತು ಅಷ್ಟು ಆಳವಾಗಿತ್ತು.

ಅಪ್ಪ ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ಮನೆಯ ಕಡೆ, ಹನಮವ್ವನ ತಗಡಿನ ಕಡೆ, ದಾರಿಯ ಕಡೆ ನೋಡಿದ. ಮಂಜಿನಲ್ಲಿ ಯಾರೂ ಇರಲಿಲ್ಲ.

ಅಲ್ಲೇ ಹೂಳಲು ಕುಣಿ ತೋಡುವುದಕ್ಕೆ ಡ್ರಿಲ್ಲು ಕೆಲಸಕ್ಕೆ ಬರಲಿಲ್ಲ. ಅದಕ್ಕೆ ಗುದ್ದಲಿಯೇ ಬೇಕಾಯಿತು. ಅಪ್ಪನ ಅಂಗೈಯ ಬೊಬ್ಬೆಗಳು ಮತ್ತೆ ಒಡೆದವು. ಉರುಲು ಬಿಡಿಸುವಾಗ ಕೆಂಪು ದಾರ ಹರಿದು ಗೆಜ್ಜೆ ಕೆಳಗೆ ಬಿತ್ತು. ಸುವರ್ಣಾ ಅದನ್ನು ಎತ್ತಿಕೊಂಡಳು. ಅಪ್ಪ ನೋಡಲಿಲ್ಲ.

"ನರಿ ಒಯ್ದಿರಬೇಕು ಅನ್ನೂದ," ಎಂದ ಅವನು, ಮಣ್ಣು ಎಳೆಯುತ್ತ. "ತಿಳೀತಿಲ್ಲೊ?"

ಶಾಲೆಯಲ್ಲಿ ಮೇಘಾಳ ಕಣ್ಣು ಊದಿದ್ದವು. "ಚಂದ್ರಿ ಹಗ್ಗಾ ಹರಕೊಂಡು ಹೋಗ್ಯಾಳ. ನೀ ಎಲ್ಲರ ನೋಡೀ ಏನಲೇ?"

"ಇಲ್ಲ."

"ಸಾಲಿ ಬಿಟ್ಟಿಂದ ನನ್ನ ಕೂಡ ಹುಡುಕಾಕ ಬರ್ತಿ?"

ಬರುವುದಿಲ್ಲ ಎನ್ನಲು ಸುವರ್ಣಾಳ ಹತ್ತಿರ ಕಾರಣ ಇರಲಿಲ್ಲ. ಇಬ್ಬರೂ ಹಳ್ಳದ ದಂಡೆ ಹುಡುಕಿದರು. ಜಾಲಿ ಗಿಡಗಳ ಕೆಳಗೆ ಬಗ್ಗಿ ನೋಡಿದರು. ಬದುವಿನ ಮೇಲೆ ನಡೆದರು. ಮೂಲೆಯ ಹಸಿ ಮಣ್ಣು ಬಂದಾಗ ಸುವರ್ಣಾ ಕಾಲು ಎತ್ತಿ ದೂರ ಇಟ್ಟಳು. ಮೇಘಾ ಅದರ ಮೇಲೆಯೇ ಹಾದು ಹೋದಳು.

"ಚಂದ್ರೀ! ಏ ಚಂದ್ರೀ!" ಮೇಘಾಳ ದನಿ ಒಡೆದಿತ್ತು. "ನೀನೂ ಜೋರಾಗಿ ಕೂಗಬೇ. ನಿನ್ನ ದನಿ ಅಕಿಗಿ ಗೊತ್ತೈತಿ."

ಸುವರ್ಣಾ ಕೂಗಿದಳು. ಜೋರಾಗಿಯೇ ಕೂಗಿದಳು. ಅವಳ ಕಂಪಾಸ್ ಪೆಟ್ಟಿಗೆಯಲ್ಲಿ, ಸದ್ದಾಗದಂತೆ ಹತ್ತಿಯಲ್ಲಿ ಸುತ್ತಿದ ಗೆಜ್ಜೆ ಇತ್ತು.

ಸಂಜೆ ಆಯಿ ತಾಟಿನಲ್ಲಿ ಉಳಿದ ಕಡುಬು ಹಾಕಿಕೊಟ್ಟಳು. "ತಿನ್ನವಾ, ನಾಳಿಗಿ ಕೆಡತಾವ." ಸುವರ್ಣಾ ಒಂದು ತುತ್ತು ಮುರಿದಳು. ಬಾಯಿಗಿಟ್ಟಳು, ನುಂಗಲಿಲ್ಲ. ಉಗುಳಿ, ಆಯಿಯ ಮಡಿಲಲ್ಲಿ ಮುಖ ಹುದುಗಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಡ್ರಿಲ್ಲು, ತೂತು, ಉರುಲು, ಹುಲ್ಲಿನ ಮೇಲೆ ಬಿದ್ದ ಚರಗ, ಬಿಳಿ ಬೊಟ್ಟು.

ಆಯಿ ಬಹಳ ಹೊತ್ತು ಅವಳ ಬೆನ್ನ ಮೇಲೆ ಕೈ ಆಡಿಸುತ್ತಿದ್ದಳು.

"ನಾನ ಕರದೆ," ಎಂದಳು ಕೊನೆಗೆ. "ಬಾಯಿ ಮಾಡಿ ಕರದೆ. ಉಣ್ಣಾಕ ಬರ್ರಿ ಅಂತ ಕರದು, ಅದ ಜಾಗದಾಗ ಕೊರಳಿಗಿ…" ಆಯಿ ಕಡುಬಿನ ತಾಟನ್ನು ಆಚೆ ಸರಿಸಿದಳು.

ಅಪ್ಪ ಬಂದಾಗ ಆಯಿ ಅವನ ಮುಖ ನೋಡದೆ ಹೇಳಿದಳು. "ಶಿವಯೋಗಿ, ಮದಲ ಹೊಲದಾಗಿನ ಉರುಲೆಲ್ಲಾ ಕಿತ್ತ ಒಗಿ. ಆಮ್ಯಾಲ ಹಟ್ಟ್ಯಾಗಿನ ಗಬ್ಬದ ಆಡು ಬಿಚ್ಚಿ ಹನಮವ್ವಗ ಕೊಟ್ಟು ಬಾ."

"ಕೊಡ್ತೀನಿ ಯವ್ವಾ."

"ಹೇಳಿ ಕೊಡು."

"ಹೇಳಿದ್ರ ಊರ ತುಂಬ ಆಕ್ಕೈತಿ. ಕೇಸು…"

"ಹೇಳಿ ಕೊಡು," ಎಂದಳು ಆಯಿ ಮತ್ತೆ, ಅಷ್ಟೇ ಮೆಲ್ಲಗೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಆಡಿನ ಹಗ್ಗ ಹಿಡಿದು ಹನಮವ್ವನ ಅಂಗಳದಲ್ಲಿ ನಿಂತಿದ್ದ. ಹಿಂದೆ ಸುವರ್ಣಾ. ಮೇಘಾ ಖಾಲಿ ಗೂಟದ ಪಕ್ಕ ಮೊಣಕಾಲು ತಬ್ಬಿಕೊಂಡು ಕುಳಿತಿದ್ದಳು.

ಅಪ್ಪ ಆಡಿನ ಹಗ್ಗವನ್ನು ಮುಂದೆ ಚಾಚಿದ.

"ಹನಮವ್ವಾ, ನಿಮ್ಮ ಮರಿ… ನರಿ ಒಯ್ತಂತ ಕೇಳಿದೆ. ಹುಡುಗಿ ಭಾಳ ಅಳಾಕತ್ತಾಳಂತ. ಇದನ್ನ ಕಟ್ಟಿಕೋರಿ."

ಹನಮವ್ವ ನಂಬಲಾರದೆ ನೋಡಿದಳು. ಆಡಿನ ಬೆನ್ನು ಸವರಿದಳು. ಅವಳ ಕಣ್ಣು ತುಂಬಿದವು.

"ಯಪ್ಪಾ, ಗಬ್ಬದ ಆಡು! ಯಾರು ಕೊಡ್ತಾರ್ರಿ ಈ ಕಾಲದಾಗ? ನಿನ್ನ ತ್ವಾಟ ತಣ್ಣಗಿರ್ಲಿ. ದೇವರು ನಿನ್ನ ಮಕ್ಕಳನ್ನ ಛಲೋ ಇಟ್ಟಿರ್ಲಿ." ಅವಳು ಸುವರ್ಣಾಳ ತಲೆಯ ಮೇಲೆ ಕೈ ಇಟ್ಟಳು.

ಒರಟು ಕೈ. ಬೆಚ್ಚಗಿತ್ತು. ಆ ಕೈ ಅಲ್ಲಿರುವವರೆಗೆ ಸುವರ್ಣಾಳಿಗೆ ನಿಲ್ಲಲು ಆಗಲಿಲ್ಲ. ತಲೆ ಬಗ್ಗಿಸಿ ಅದರ ಕೆಳಗಿಂದ ಸರಿದು, ಮೇಘಾಳ ಎದುರು ಹೋಗಿ ಕುಳಿತಳು. ಕಂಪಾಸ್ ಪೆಟ್ಟಿಗೆ ತೆರೆದು ಹತ್ತಿ ಬಿಡಿಸಿದಳು.

ಗೆಜ್ಜೆಯನ್ನು ಮೇಘಾಳ ಅಂಗೈಯಲ್ಲಿ ಇಟ್ಟಳು.

ಹರಿದ ದಾರದ ತುಂಬ ಬದುವಿನ ಕೆಂಪು ಗರ್ಸು ಹತ್ತಿತ್ತು. ಮೇಘಾ ಅದನ್ನು ನೋಡಿದಳು. ಕತ್ತಲಾಗುತ್ತಿದ್ದ ಬದುವಿನ ಮೂಲೆಯನ್ನು ನೋಡಿದಳು. ಹಿಂದೆ ಅಪ್ಪ ಕುಸಿದು ನೆಲಕ್ಕೆ ಕುಳಿತ ಸದ್ದಾಯಿತು. "ನಂದ ಉರುಲು, ಹನಮವ್ವಾ," ಎನ್ನುತ್ತಿದ್ದ ಅವನು. ಅದು ಅಪ್ಪನ ದನಿಯಂತೆ ಇರಲಿಲ್ಲ. ಹೊಸ ಆಡು ತನ್ನ ಹಟ್ಟಿಯ ಕಡೆ ತಿರುಗಿ ಒಮ್ಮೆ ಕೂಗಿತು.

"ನೀ ನನ್ನ ಕೂಡ ಕೂಗಿದ್ದಿ ಅಲ್ಲಲೇ," ಎಂದಳು ಮೇಘಾ.

ಸುವರ್ಣಾ ಎದ್ದು ಓಡಲಿಲ್ಲ. ಮೇಘಾ ಎಷ್ಟು ಹೊತ್ತು ನೋಡುತ್ತಾಳೋ ಅಷ್ಟು ಹೊತ್ತು ಅಲ್ಲೇ ಕುಳಿತಿರಬೇಕು ಎಂದು ಅವಳಿಗೆ ಅನಿಸಿತು.

ಮೇಘಾ ಮೆಲ್ಲಗೆ ಮುಷ್ಟಿ ಮುಚ್ಚಿದಳು. ಒಳಗೆ ಗೆಜ್ಜೆ ಸದ್ದು ಮಾಡಲಿಲ್ಲ.